ಮಂಜಿನ ದಾರಿಗೆ ಯಾವ ಲೈಟು? ಹೊಸ ಹೆಡ್‌ಲೈಟ್, ಟೈಲ್ ಲೈಟ್ ಹಾಕಿಸುವ ಮುನ್ನ

ಪ್ರಶ್ನೆ: ನನ್ನದು 2014ರ ಸ್ವಿಫ್ಟ್. ಮನೆ ಮೂಡಿಗೆರೆ ಹತ್ತಿರ, ಕೆಲಸ ಚಿಕ್ಕಮಗಳೂರಿನಲ್ಲಿ. ಆಲ್ದೂರು ಮೇಲೆ ವಾಪಸ್ ಬರುವ ಹೊತ್ತಿಗೆ ಕತ್ತಲಾಗಿರುತ್ತದೆ. ಆಗಾಗ ಚಾರ್ಮಾಡಿ ಇಳಿದು ಉಜಿರೆಗೂ ಹೋಗುತ್ತೇನೆ. ಕಾರಿನ ಹೆಡ್‌ಲೈಟ್ ಬೆಳಕು ಸಾಲುತ್ತಲೇ ಇಲ್ಲ. ಹಾಸನದ ಒಂದು ಅಂಗಡಿಯವರು ಪ್ರೊಜೆಕ್ಟರ್ ಹೆಡ್‌ಲೈಟ್ (ಮಸೂರದ ಮೂಲಕ ಬೆಳಕು ಹಾಯಿಸುವಂಥದ್ದು) ಸೆಟ್, ಅದಕ್ಕೆ 6000 ಕೆಲ್ವಿನ್, ಅಂದರೆ ನೀಲಿ ಬೆರೆತ ಬಿಳಿ ಬೆಳಕಿನ ಎಲ್‌ಇಡಿ ಬಲ್ಬ್, ಹಿಂದಕ್ಕೆ ಸ್ಮೋಕ್ ಗಾಜಿನ ಎಲ್‌ಇಡಿ ಟೈಲ್ ಲೈಟ್ ಎಲ್ಲ ಸೇರಿಸಿ ಹಾಕಿಕೊಡುತ್ತೇವೆ ಅಂತಾರೆ. 'ಕಪ್ಲರ್‌ಗೆ (ವೈರು ಜೋಡಿಸುವ ಪ್ಲಗ್) ಕಪ್ಲರ್ ಕೂರುತ್ತೆ, ವೈರ್ ಕಟ್ ಮಾಡೋದೇ ಇಲ್ಲ' ಅಂತಲೂ ಹೇಳಿದರು. ಹಾಕಿಸಲಾ? ಮಂಜಿನಲ್ಲಿ ಉಪಯೋಗ ಆಗುತ್ತಾ? ಪೊಲೀಸರು ಹಿಡೀತಾರಾ? ಕೆಲಸ ನೆಟ್ಟಗೆ ಆಗಿದೆ ಅಂತ ಗೊತ್ತಾಗೋದು ಹೇಗೆ?

ಉತ್ತರ: ಸುಲಭದ್ದು ಮೊದಲು ಹೇಳಿಬಿಡುತ್ತೇನೆ. ಸ್ಮೋಕ್ ಟೈಲ್ ಲೈಟ್ ಬೇಡ. ಮಲೆನಾಡಿನಲ್ಲಿ ಓಡುವ ಕಾರಿಗೆ ಬೇಡವೇ ಬೇಡ. ಯಾಕೆ ಅನ್ನೋದು ಮುಂದೆ ಬರುತ್ತದೆ. ಹೆಡ್‌ಲೈಟ್ ವಿಷಯಕ್ಕೆ ಮಾತ್ರ ಒಂದೇ ಮಾತಿನ ಉತ್ತರ ಇಲ್ಲ. ನಿಮ್ಮ ಕಾರಿನ ಬೆಳಕು ಯಾಕೆ ಕಡಿಮೆಯಾಯಿತು ಅಂತ ಯಾರೂ ನೋಡಿದ ಹಾಗೆ ಕಾಣುವುದಿಲ್ಲ. ಹತ್ತು ವರ್ಷ ದಾಟಿದ ಕಾರು ಶೋರೂಮಿನಿಂದ ಬಂದಾಗ ಕೊಡುತ್ತಿದ್ದ ಬೆಳಕನ್ನು ಈಗ ಕೊಡುವುದಿಲ್ಲ. ಆ ಕಳೆದುಹೋದ ಬೆಳಕನ್ನು ವಾಪಸ್ ಪಡೆಯುವುದು ಹೊಸ ಸೆಟ್ ಹಾಕಿಸುವುದಕ್ಕಿಂತ ಬಹಳ ಅಗ್ಗ. ಅದನ್ನು ಮಾಡಿಯೂ ಸಾಲದಿದ್ದರೆ ಆಗ ಅಂಗಡಿಗೆ ಹೋಗಿ.

ಹಗಲಲ್ಲಿ ಕಾರಿನ ಮುಂದೆ ಕೂತು ಹೆಡ್‌ಲೈಟ್ ನೋಡಿ. ಅದರ ಮುಂಭಾಗ ಪಾಲಿಕಾರ್ಬನೇಟ್ ಪ್ಲಾಸ್ಟಿಕ್. ಅದರ ಮೇಲೆ ಬಿಸಿಲಿನಿಂದ ಕಾಪಾಡುವ ತೆಳ್ಳನೆಯ ಲೇಪ ಇರುತ್ತದೆ. ವರ್ಷಗಳಾದಂತೆ ಆ ಲೇಪ ಹೋಗಿ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಮಸುಕಾಗುತ್ತದೆ. ಆಗ ಬೆಳಕು ಕಡಿಮೆಯಾಗುವುದಷ್ಟೇ ಅಲ್ಲ, ಎಲ್ಲೆಂದರಲ್ಲಿ ಚದುರುತ್ತದೆ. ನಿಮಗೆ ರಸ್ತೆ ಕಾಣುವುದಿಲ್ಲ, ಎದುರಿನವನಿಗೆ ಕಣ್ಣು ಕುಕ್ಕುತ್ತದೆ. ಇದಕ್ಕೆ ನೀರು ಹಾಕಿ ಉಜ್ಜುವ ಎಮರಿ ಪೇಪರು, 1000ದಿಂದ ಶುರು ಮಾಡಿ 2000, 3000 ನಂಬರಿನವರೆಗೆ, ಆಮೇಲೆ ಪಾಲಿಶ್, ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್. ಆ ಕೊನೆಯ ಕೋಟ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ಹಾಕಿ ಉಜ್ಜುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಆ ಹೊಳಪು ಒಂದೆರಡು ಮಳೆಗೆ ಹೋಗುತ್ತದೆ, ಅಷ್ಟೇ.

ಇನ್ನು ಬಲ್ಬ್. ನಿಮ್ಮ ಕಾರಿನದು ಎಚ್-4 ಹ್ಯಾಲೊಜನ್. ಹೈ ಬೀಮಿಗೆ (ದೂರಕ್ಕೆ ಹಾಯುವ ಬೆಳಕು) 60 ವ್ಯಾಟ್, ಲೋ ಬೀಮಿಗೆ (ತಗ್ಗಿಸಿದ ಬೆಳಕು) 55 ವ್ಯಾಟ್. ಒಳ್ಳೆಯ ಎಚ್-4 ಬಲ್ಬು 13.2 ವೋಲ್ಟಿನಲ್ಲಿ ಹೈ ಬೀಮಿನಲ್ಲಿ ಸುಮಾರು 1650 ಲ್ಯುಮೆನ್, ಲೋ ಬೀಮಿನಲ್ಲಿ ಸುಮಾರು 1000 ಲ್ಯುಮೆನ್ ಬೆಳಕು ಕೊಡಬೇಕು. ಹಳೆಯದಾದಂತೆ ಬಲ್ಬಿನ ಒಳಗೆ ಕಪ್ಪು ಹಿಡಿಯುತ್ತದೆ. ಉರಿಯುತ್ತಿದೆಯಲ್ಲ ಅಂತ ನಾವು ಬದಲಾಯಿಸುವುದಿಲ್ಲ. ಒಳ್ಳೆ ಕಂಪನಿಯ ಒಂದು ಜೊತೆ ಬಲ್ಬು ತಂದು ಎರಡೂ ಕಡೆ ಒಟ್ಟಿಗೆ ಬದಲಾಯಿಸಿ. ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಅಂಟಿದ ಜಾಗ ಜಾಸ್ತಿ ಕಾದು ಬಲ್ಬು ಬೇಗ ಹೋಗುತ್ತದೆ.

ಈಗ ಬಹಳ ಜನ ನೋಡದೇ ಬಿಡುವ ವಿಷಯಕ್ಕೆ ಬರೋಣ. ಬಲ್ಬಿಗೆ ತಲುಪುವ ವೋಲ್ಟೇಜ್. ಬ್ಯಾಟರಿಯಿಂದ ಸ್ವಿಚ್ಚು, ಫ್ಯೂಸು, ಕಪ್ಲರು, ಅರ್ತ್ ಪಾಯಿಂಟು (ವೈರನ್ನು ಕಾರಿನ ಬಾಡಿಗೆ ಬಿಗಿದ ಜಾಗ) ಅಂತ ಕರೆಂಟು ಬಹಳ ದೂರ ಸುತ್ತಿ ಬರುತ್ತದೆ. ತೋಟದಲ್ಲಿ ಸ್ಪ್ರಿಂಕ್ಲರ್ ಪೈಪು ಉದ್ದವಾದಷ್ಟೂ ಕೊನೆಯ ಜೆಟ್ಟಿಗೆ ಪ್ರೆಶರ್ ಬರುವುದಿಲ್ಲವಲ್ಲ, ಇಲ್ಲೂ ಹಾಗೇ. ನಮ್ಮ ಕಡೆಯ ಮಳೆಗೆ, ತೇವಕ್ಕೆ, ಕಪ್ಲರಿನ ಪಿನ್ನುಗಳಲ್ಲಿ ಹಸಿರು ಕಟ್ಟುತ್ತದೆ. ಅರ್ತ್ ಬೋಲ್ಟು ತುಕ್ಕು ಹಿಡಿಯುತ್ತದೆ. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮ ಸಮವಾಗಿ ಇಳಿಯುವುದಿಲ್ಲ, ಅದಕ್ಕಿಂತ ಎಷ್ಟೋ ಜೋರಾಗಿ ಇಳಿಯುತ್ತದೆ. 13.2 ವೋಲ್ಟ್ ಬರಬೇಕಾದಲ್ಲಿ 12 ವೋಲ್ಟ್ ಬಂದರೆ ಬೆಳಕು ಸುಮಾರು ಶೇ 72ಕ್ಕೆ ಬೀಳುತ್ತದೆ. 11.5 ಬಂದರೆ ಶೇ 62ರ ಆಸುಪಾಸು. ಅಂದರೆ ಒಂದು ವೋಲ್ಟಿನ ಚಿಲ್ಲರೆ ಕಳೆದುಹೋದರೆ ಕಾಲು ಭಾಗಕ್ಕಿಂತ ಜಾಸ್ತಿ ಬೆಳಕು ಮಾಯ.

ಇದನ್ನು ಅಳೆಯುವುದು ಕಷ್ಟವಲ್ಲ. ಎಂಜಿನ್ ಚಾಲೂ ಇಟ್ಟು ಲೋ ಬೀಮ್ ಹಾಕಿ. ಮಲ್ಟಿಮೀಟರಿನಲ್ಲಿ ಮೊದಲು ಬ್ಯಾಟರಿಯ ಎರಡು ತುದಿ ನೋಡಿ. 13.8ರಿಂದ 14.4ರ ಒಳಗೆ ಇರಬೇಕು. ಆಮೇಲೆ ಬಲ್ಬ್ ಉರಿಯುತ್ತಿರುವಾಗಲೇ ಹೋಲ್ಡರಿನ ಹಿಂಬದಿಯ ಪಿನ್ನಿನಲ್ಲಿ ನೋಡಿ. ಬಲ್ಬ್ ಕಿತ್ತು ನೋಡಿದರೆ ಲೆಕ್ಕ ಸರಿ ಬರಲ್ಲ, ಕರೆಂಟ್ ಹರಿಯದಿದ್ದಾಗ ವೋಲ್ಟೇಜ್ ಬೀಳುವುದೇ ಇಲ್ಲ. ಎರಡರ ವ್ಯತ್ಯಾಸ ಅರ್ಧ ವೋಲ್ಟಿನೊಳಗಿದ್ದರೆ ಚೆನ್ನಾಗಿದೆ. ಒಂದು ವೋಲ್ಟ್ ದಾಟಿದರೆ ಕಪ್ಲರ್ ಕ್ಲೀನ್ ಮಾಡಿಸಿ, ಅರ್ತ್ ಪಾಯಿಂಟ್ ಉಜ್ಜಿಸಿ. ಅದಕ್ಕೂ ಬಗ್ಗದಿದ್ದರೆ ರಿಲೇ ಕಿಟ್ ಹಾಕಿಸಿ. ರಿಲೇ ಹಾಕಿದಾಗ ಹಳೆ ವೈರು ಬರೀ ಸಿಗ್ನಲ್ ಕೊಡುತ್ತದೆ. ಬಲ್ಬಿನ ಕರೆಂಟು ದಪ್ಪ ವೈರಿನಲ್ಲಿ ಬ್ಯಾಟರಿಯಿಂದ ನೇರ ಬರುತ್ತದೆ. ಆ ದಪ್ಪ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು. ಫ್ಯೂಸ್ ಇಲ್ಲದ ರಿಲೇ ಕಿಟ್ ಹಾಕಿಸಿಕೊಂಡು ಓಡಾಡುವುದಕ್ಕಿಂತ ಮಬ್ಬು ಬೆಳಕೇ ವಾಸಿ.

ರಿಲೇ ಇದ್ದರೆ 100/90 ವ್ಯಾಟಿನ ಬಲ್ಬ್ ಹಾಕಬಹುದಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಎರಡು 60 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆದರೆ ಎರಡು 100 ವ್ಯಾಟಿನವು ಹದಿನಾರು ದಾಟುತ್ತವೆ. ವೈರು ತಡೆದರೂ ಒಳಗಿನ ಪ್ಲಾಸ್ಟಿಕ್ ರಿಫ್ಲೆಕ್ಟರ್ ಆ ಬಿಸಿ ತಡೆಯುವುದಿಲ್ಲ. ಬೆಳ್ಳಿ ಬಣ್ಣದ ಲೇಪ ಸುಟ್ಟು ಕಂದುಬಣ್ಣಕ್ಕೆ ತಿರುಗಿದರೆ ಇದ್ದ ಬೆಳಕೂ ಹೋಯಿತು.

ಇಷ್ಟು ಮಾಡಿದ ಮೇಲೆ ಫೋಕಸ್. ಹಿಂದೊಮ್ಮೆ ಯಾರೋ ಬಂಪರ್ ಬಿಚ್ಚಿ ಹಾಕಿದ್ದರೆ, ಸಣ್ಣ ಆಕ್ಸಿಡೆಂಟ್ ಆಗಿದ್ದರೆ, ಹೆಡ್‌ಲೈಟ್ ನೆಲ ನೋಡುತ್ತಿರಬಹುದು ಅಥವಾ ಮರದ ತುದಿ ನೋಡುತ್ತಿರಬಹುದು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಕಾರು ನಿಲ್ಲಿಸಿ. ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಬೇರೆ ಬೇಡ. ಟೈರಿಗೆ ಸರಿಯಾದ ಗಾಳಿ ಇರಲಿ. ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಎತ್ತರ ತಿರುಗಿಸುವ ಗುಂಡಿ ಇದ್ದರೆ ಸೊನ್ನೆಗೆ ತನ್ನಿ. ಹೆಡ್‌ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಟೇಪ್ ಅಂಟಿಸಿ. ಲೋ ಬೀಮ್ ಹಾಕಿದಾಗ ಬೆಳಕಿನ ಮೇಲಂಚು ಆ ಟೇಪಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಹೆಡ್‌ಲೈಟ್ 70 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆಗ ಬೆಳಕು 70 ಮೀಟರ್ ದೂರದವರೆಗೆ ರಸ್ತೆಗೆ ಬೀಳುತ್ತದೆ. ಅದೇ ಅಂಚು 30 ಸೆಂಟಿಮೀಟರ್ ಕೆಳಗಿದ್ದರೆ 23 ಮೀಟರಿಗೇ ಮುಗಿಯಿತು. 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಹದಿನಾರೂವರೆ ಮೀಟರ್ ಹೋಗುತ್ತದೆ. 23 ಮೀಟರ್ ಅಂದರೆ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ದಾಟಿಹೋಗುವ ದೂರ. 'ಲೈಟ್ ಸಾಲ್ತಿಲ್ಲ' ಅಂತ ಬರುವ ಕಾರುಗಳಲ್ಲಿ ಎಷ್ಟೋ ಕಾರುಗಳ ಕಾಯಿಲೆ ಇಷ್ಟೇ. ಒಂದು ಸ್ಕ್ರೂ ತಿರುಗಿಸಿದರೆ ಮುಗಿಯಿತು.

ಗೋಡೆಯ ಮೇಲೆ ಇನ್ನೊಂದು ನೋಡಿಕೊಳ್ಳಿ. ನಮ್ಮಲ್ಲಿ ಎಡಗಡೆ ಓಡಿಸುವುದರಿಂದ ಲೋ ಬೀಮಿನ ಅಂಚು ಬಲಕ್ಕೆ ಚಪ್ಪಟೆಯಾಗಿದ್ದು ಎಡಕ್ಕೆ ಮೇಲೇರಬೇಕು. ಎಡಬದಿಯ ಚರಂಡಿ, ನಡೆಯುವ ಜನ, ಬೋರ್ಡು ಕಾಣಲಿ, ಎದುರಿನವನ ಕಣ್ಣಿಗೆ ಹೊಡೆಯದಿರಲಿ ಅಂತ. ಹೊಸ ಸೆಟ್ ಕೊಳ್ಳುವಾಗ ಇದೇ ದೊಡ್ಡ ಪರೀಕ್ಷೆ. ಹೊರಗಿನಿಂದ ಬರುವ ಅಗ್ಗದ ಹೆಡ್‌ಲೈಟುಗಳಲ್ಲಿ ಬಲಗಡೆ ಓಡಿಸುವ ದೇಶಗಳಿಗೆ ಮಾಡಿದ ಸೆಟ್ಟುಗಳೂ ಸೇರಿರುತ್ತವೆ. ಅವುಗಳ ಬೆಳಕು ಬಲಕ್ಕೆ ಮೇಲೇರುತ್ತದೆ. ಅಂದರೆ ನೇರವಾಗಿ ಎದುರಿನ ಬಸ್ ಡ್ರೈವರನ ಮುಖಕ್ಕೆ. ಫೋಕಸ್ ಸ್ಕ್ರೂ ಎಷ್ಟು ತಿರುಗಿಸಿದರೂ ಇದು ಸರಿಹೋಗುವುದಿಲ್ಲ. ಯುರೋಪಿನ ನಿಯಮದ ಪ್ರಕಾರ ಮಾಡಿದ ಲ್ಯಾಂಪಿನ ಮೇಲೆ ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಅಚ್ಚಾಗಿರುತ್ತದೆ. ಎಡಗಡೆ ಓಡಿಸುವ ದೇಶಕ್ಕೆ ಮಾತ್ರ ಮಾಡಿದ್ದಾದರೆ ಒಂದು ಅಡ್ಡ ಬಾಣವೂ ಇರುತ್ತದೆ. ಲ್ಯಾಂಪಿಗೆ ಎದುರಾಗಿ ನಿಂತು ನೋಡಿದರೆ ಆ ಬಾಣ ನಿಮ್ಮ ಬಲಕ್ಕೆ ತೋರಿಸಬೇಕು. ಅಚ್ಚೇ ಇಲ್ಲದ ಲ್ಯಾಂಪನ್ನು ನಾನು ಯಾರಿಗೂ ಹಾಕಿಸಿಕೊಳ್ಳಿ ಅನ್ನುವುದಿಲ್ಲ. ಬಾಕ್ಸಿನ ಮೇಲಿನ ಸ್ಟಿಕ್ಕರ್ ಲೆಕ್ಕಕ್ಕಿಲ್ಲ, ಲ್ಯಾಂಪಿನ ಮೈಮೇಲೆ ಇರಬೇಕು.

ಸರಿ, ಪ್ರೊಜೆಕ್ಟರಿನೊಳಗೆ ಎಲ್‌ಇಡಿ ಬಲ್ಬ್ ಅಂದಿರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಎಚ್-4 ಬಲ್ಬಿನೊಳಗೆ ಎರಡು ಪುಟ್ಟ ಫಿಲಮೆಂಟ್ ಇರುತ್ತವೆ. ಲೋ ಬೀಮಿನ ಫಿಲಮೆಂಟಿನ ಕೆಳಗೆ ಒಂದು ಲೋಹದ ತಟ್ಟೆ ಇದೆ. ರಿಫ್ಲೆಕ್ಟರಿನ ಕೆಳಗಿನ ಅರ್ಧಕ್ಕೆ ಬೆಳಕು ಬೀಳದಂತೆ ಅದು ತಡೆಯುತ್ತದೆ. ಹಾಗಾಗಿಯೇ ಗೋಡೆಯ ಮೇಲೆ ಆ ಅಂಚು ಬರುವುದು. ರಿಫ್ಲೆಕ್ಟರಿನ ಪ್ರತಿ ತಿರುವನ್ನೂ ಫಿಲಮೆಂಟ್ ಎಲ್ಲಿದೆ ಅನ್ನೋದನ್ನು ನೋಡಿಯೇ ಮಾಡಿರುತ್ತಾರೆ. ಅದು ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಬೆಳಕು ಚೆಲ್ಲಾಪಿಲ್ಲಿ. ಎಲ್‌ಇಡಿ ಬಲ್ಬಿನಲ್ಲಿ ಫಿಲಮೆಂಟ್ ಇಲ್ಲ. ಒಂದು ಪಟ್ಟಿಯ ಎರಡು ಬದಿಗೆ ಚಿಪ್ಪುಗಳು. ಪಟ್ಟಿ ದಪ್ಪ ಇದ್ದರೆ ಬೆಳಕು ಹುಟ್ಟುವ ಜಾಗವೇ ಬದಲಾಯಿತು. ಹ್ಯಾಲೊಜನ್ ಬಲ್ಬಿಗೆ ಅಂತ ಮಾಡಿದ ಪ್ರೊಜೆಕ್ಟರಿಗೂ ಇದೇ ಮಾತು. ಅದರೊಳಗಿನ ಅಡ್ಡ ತಗಡು ಅಂಚನ್ನು ಉಳಿಸುತ್ತದೆ ನಿಜ, ಎದುರಿನವರಿಗೆ ತೊಂದರೆ ಕಡಿಮೆ. ಆದರೆ ದೂರಕ್ಕೆ ಹೋಗಬೇಕಾದ ಬೆಳಕು ಹತ್ತಿರದಲ್ಲೇ ಚೆಲ್ಲಿಬಿಡುತ್ತದೆ.

ಹತ್ತಿರ ಚೆಲ್ಲಿದ ಬೆಳಕೇ ಜನರಿಗೆ ಮೋಸ ಮಾಡುವುದು. ಬಾನೆಟ್ಟಿನ ಮುಂದೆ ಹತ್ತು ಹದಿನೈದು ಮೀಟರ್ ಹಾಲು ಚೆಲ್ಲಿದಷ್ಟು ಬೆಳ್ಳಗಾದರೆ ಅಂಗಡಿಯ ಮುಂದೆ ನಿಂತವನಿಗೆ 'ಅಬ್ಬಾ' ಅನಿಸುತ್ತದೆ. ಆದರೆ ಕಣ್ಣಿನ ಪಾಪೆ ಆ ಬೆಳಕಿಗೆ ಕುಗ್ಗುತ್ತದೆ. ಅರವತ್ತು ಮೀಟರ್ ಆಚೆಗಿನದು ಮೊದಲಿಗಿಂತ ಕಪ್ಪಾಗಿ ಕಾಣುತ್ತದೆ. ಆಲ್ದೂರು ರಸ್ತೆಯಲ್ಲಿ ನಿಮಗೆ ಬೇಕಿರುವುದು ಆ ಅರವತ್ತು ಮೀಟರ್ ಆಚೆಗಿನದೇ ಅಲ್ವಾ? ಕಂಬಳಿ ಕೊಪ್ಪೆ ಹೊದ್ದು ಬರುವ ಆಳು, ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರ್, ತಿರುವಿನಲ್ಲಿ ಮಲಗಿದ ದನ. ಮೂಡಿಗೆರೆ, ಬೇಲೂರು, ಸಕಲೇಶಪುರ ಕಡೆ ಈಗ ಆನೆಯೂ ಸೇರಿಕೊಂಡಿದೆ. ಆನೆ ಅಷ್ಟು ದೊಡ್ಡದಾದರೂ ಅದರ ಬೂದು ಮೈ ರಾತ್ರಿಯಲ್ಲಿ ಬೆಳಕನ್ನು ವಾಪಸ್ ಕೊಡುವುದೇ ಇಲ್ಲ. ಕಂಡಾಗ ಹೈ ಬೀಮ್ ಮಿಣುಕಿಸಬೇಡಿ, ಹಾರ್ನ್ ಹೊಡೆಯಬೇಡಿ, ದೂರದಲ್ಲೇ ನಿಲ್ಲಿಸಿ.

ಎಲ್‌ಇಡಿಯ ಇನ್ನೊಂದು ತೊಂದರೆ ಬಿಸಿ. ಚಿಪ್ಪಿನ ಬಿಸಿ ಹಿಂದಕ್ಕೆ ಬರುತ್ತದೆ. ಅದನ್ನು ಹೊರಹಾಕಲು ಪುಟ್ಟ ಫ್ಯಾನ್. ಹೆಡ್‌ಲೈಟಿನ ಹಿಂದಿನ ರಬ್ಬರ್ ಬೂಟ್ ಮುಚ್ಚಿದರೆ ಫ್ಯಾನಿಗೆ ಗಾಳಿ ಇಲ್ಲ. ತೆರೆದಿಟ್ಟರೆ ಮಳೆ, ಕೆಸರು ಒಳಗೆ. ಅಗ್ಗದ ಬಲ್ಬುಗಳು ಹಚ್ಚಿದಾಗ ಜೋರಾಗಿ ಉರಿದು, ಕಾದ ಮೇಲೆ ತಾವೇ ಬೆಳಕು ಇಳಿಸಿಕೊಳ್ಳುತ್ತವೆ. ಅಂಗಡಿಯಲ್ಲಿ ನೋಡಿದ ಬೆಳಕು ಜನ್ನಾಪುರ ದಾಟುವ ಹೊತ್ತಿಗೆ ಇರುವುದಿಲ್ಲ. ಹ್ಯಾಲೊಜನ್ನಿನ ಬಿಸಿ ಮುಂದಿನ ಪ್ಲಾಸ್ಟಿಕ್ಕನ್ನು ಕಾಯಿಸಿ ಒಳಗಿನ ಹನಿ ಒಣಗಿಸುತ್ತಿತ್ತು. ಎಲ್‌ಇಡಿ ಹಾಗೆ ಕಾಯಿಸುವುದಿಲ್ಲ. ಆಷಾಢದಲ್ಲಿ ಒಳಗೆ ಕೂತ ಹನಿ ದೀಪಾವಳಿಗೂ ಅಲ್ಲೇ ಇದ್ದರೆ ಆಶ್ಚರ್ಯ ಇಲ್ಲ.

ಅಂದಮೇಲೆ ಹಾಕಿಸಲೇಬಾರದಾ? ಹಾಕಿಸಬಹುದು. ನನ್ನ ಆಯ್ಕೆ ಕೇಳಿದರೆ ಮೊದಲನೆಯದು ಕಂಪನಿಯದೇ ಹೊಸ ಹೆಡ್‌ಲೈಟ್ ಸೆಟ್, ಅದಕ್ಕೆ ಒಳ್ಳೆಯ ಹ್ಯಾಲೊಜನ್ ಬಲ್ಬ್, ರಿಲೇ ಕಿಟ್. ನೋಡಲು ಏನೂ ಹೊಸತಿಲ್ಲ, ಆದರೆ ರಸ್ತೆ ಕಾಣುತ್ತದೆ. ಎರಡನೆಯದು ಎಲ್‌ಇಡಿಯನ್ನು ಒಳಗೇ ಕೂರಿಸಿ ತಯಾರಿಸಿದ ಪ್ರೊಜೆಕ್ಟರ್. ಬೆಳಕಿನ ಮೂಲವೂ ಮಸೂರವೂ ಒಂದಕ್ಕೊಂದು ಹೊಂದಿರುವುದರಿಂದ ಇದು ಕೆಲಸ ಮಾಡುತ್ತದೆ. ಆದರೆ ಅದನ್ನು ನಿಮ್ಮ ಹಳೆ ಹೆಡ್‌ಲೈಟಿನೊಳಗೆ ಕೂರಿಸಲು ಓವನ್ನಿನಲ್ಲಿ ಕಾಯಿಸಿ, ಅಂಟು ಬಿಡಿಸಿ, ಒಡೆದು, ಮತ್ತೆ ಅಂಟಿಸಬೇಕು. ಅಂಟು ಒಂದು ಕಡೆ ತೆಳ್ಳಗಾದರೂ ನಮ್ಮ ಮಳೆ ಆ ಜಾಗ ಹುಡುಕಿಕೊಂಡು ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ಈ ಕೆಲಸ ಮಾಡಿಸಲೇಬೇಡಿ. ಹಳೆ ರಿಫ್ಲೆಕ್ಟರಿಗೆ ಎಚ್‌ಐಡಿ (ಫಿಲಮೆಂಟ್ ಇಲ್ಲದೆ ಅನಿಲದಲ್ಲಿ ಕಿಡಿ ಹಾಯಿಸಿ ಉರಿಯುವ) ಬಲ್ಬು ಹಾಕುವುದಂತೂ ನನ್ನ ಪಟ್ಟಿಯಲ್ಲೇ ಇಲ್ಲ. ಸಾಮಾನ್ಯ 35 ವ್ಯಾಟಿನ ಎಚ್‌ಐಡಿಯ ಬೆಳಕು ಸುಮಾರು 3200 ಲ್ಯುಮೆನ್. ಯುರೋಪಿನಲ್ಲಿ 2000 ಲ್ಯುಮೆನ್ ದಾಟಿದ ಇಂಥ ಲ್ಯಾಂಪಿಗೆ ತಾನೇ ಎತ್ತರ ಸರಿಮಾಡಿಕೊಳ್ಳುವ ವ್ಯವಸ್ಥೆ, ಲೆನ್ಸ್ ತೊಳೆಯುವ ವ್ಯವಸ್ಥೆ ಎರಡೂ ಇರಬೇಕು ಅಂತ ನಿಯಮ ಮಾಡಿದ್ದು ಸುಮ್ನೆ ಅಲ್ಲ.

ಅಂಗಡಿಯವರ ಸೆಟ್ಟೇ ನಿಮಗೆ ಮನಸ್ಸಿಗೆ ಬಂದಿದ್ದರೆ ಒಂದು ಷರತ್ತು ಹಾಕಿ. ದುಡ್ಡು ಕೊಡುವ ಮುನ್ನ ಕತ್ತಲಾದ ಮೇಲೆ ಗೋಡೆಗೆ ಹಾಯಿಸಿ ತೋರಿಸಬೇಕು. ನೇರವಾದ ಅಂಚು, ಎಡಕ್ಕೆ ಏರು, ಎರಡೂ ಕಡೆ ಒಂದೇ ಎತ್ತರ. ಎಲ್‌ಇಡಿ ಬಲ್ಬಿನ ಚಿಪ್ಪುಗಳು ಮೇಲೆ ಕೆಳಗೆ ನೋಡುವಂತೆ ಕೂರಬಾರದು, ಎಡ ಬಲಕ್ಕೆ ಇರಬೇಕು. ಇಪ್ಪತ್ತು ನಿಮಿಷ ಉರಿದ ಮೇಲೆ ಇನ್ನೊಮ್ಮೆ ಗೋಡೆ ನೋಡಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಕಾಫಿ ಕುಡಿದು ಎದ್ದು ಬನ್ನಿ.

ಈಗ ಮಂಜು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಬರುವ ಮಂಜಿಗೆ ಜೋರು ಬೆಳಕು ಮದ್ದಲ್ಲ. ಮಂಜು ಅಂದರೆ ಗಾಳಿಯಲ್ಲಿ ನಿಂತ ನೀರಿನ ಹನಿ. ನಿಮ್ಮ ಬೆಳಕು ಅದಕ್ಕೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಬೆಳಕು ಹೆಚ್ಚಿಸಿದಷ್ಟೂ ಮುಂದಿನ ಬಿಳಿ ಗೋಡೆ ದಪ್ಪವಾಗುತ್ತದೆ. ಕಣ್ಣಿಗೂ ರಸ್ತೆಗೂ ನಡುವಿನ ಮಂಜಿಗೆ ಬೆಳಕು ಆದಷ್ಟು ಕಡಿಮೆ ಬೀಳಬೇಕು. ಅದಕ್ಕೇ ಫಾಗ್ ಲ್ಯಾಂಪನ್ನು ಬಂಪರಿನ ಕೆಳಗೆ ಕೂರಿಸುತ್ತಾರೆ. ಅದರ ಬೆಳಕು ಅಗಲವಾಗಿ, ಚಪ್ಪಟೆಯಾಗಿ, ನೆಲಕ್ಕೆ ಅಂಟಿಕೊಂಡು ಹೋಗಬೇಕು. ರಸ್ತೆಯ ಬಿಳಿ ಪಟ್ಟಿ, ಘಾಟಿಯ ತಡೆಗೋಡೆಯ ಬುಡ, ಇವೆರಡು ಕಂಡರೆ ಸಾಕು, ಇಳಿದುಬಿಡಬಹುದು. ಫಾಗ್ ಲ್ಯಾಂಪನ್ನು ಬಾನೆಟ್ಟಿನ ಎತ್ತರಕ್ಕೆ, ಜೀಪಿನ ತಲೆಯ ಮೇಲೆ ಹಾಕಿಸಿದವರನ್ನು ನೋಡಿದಾಗ ನನಗೆ ನಗು ಬರುತ್ತದೆ.

ಹಳದಿಯೋ ಬಿಳಿಯೋ ಅನ್ನುವ ಜಗಳ ನಿಲ್ಲುವುದಿಲ್ಲ. ಹಳದಿ ಬೆಳಕು ಮಂಜನ್ನು ತೂರಿಕೊಂಡು ಹೋಗುತ್ತದೆ ಅನ್ನುವ ಮಾತು ಅಷ್ಟು ಸರಿಯಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು. ಹಾಗಾಗಿ ಅದು ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ರೀತಿ ಚದುರಿಸುತ್ತದೆ. ಆದರೆ ನೀಲಿ ಬೆರೆತ ಬಿಳಿ ಕಣ್ಣಿಗೆ ಜಾಸ್ತಿ ಚುಚ್ಚುತ್ತದೆ. 3000 ಕೆಲ್ವಿನ್ನಿನ ಹಳದಿ ಕಣ್ಣಿಗೆ ಹಿತ, ಬೇಗ ಆಯಾಸ ಆಗುವುದಿಲ್ಲ. ಆ ಕಾರಣಕ್ಕೆ ಹಳದಿಯನ್ನೇ ಹಾಕಿಸಿಕೊಳ್ಳಿ. ಹೆಡ್‌ಲೈಟಿಗೆ 6000 ಬೇಡ, 4300ರ ಸುತ್ತಮುತ್ತ ಇರಲಿ. ಮಳೆಯಲ್ಲಿ ನೆನೆದ ಟಾರು ರಸ್ತೆಯ ಮೇಲೆ 6000ದ ಬೆಳಕು ಬಿದ್ದಿದೆಯೋ ಇಲ್ಲವೋ ಅಂತ ಅನುಮಾನ ಬರುತ್ತದೆ.

ಮಂಜಿನಲ್ಲಿ ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸುವ ಅಭ್ಯಾಸ ನಮ್ಮ ಘಾಟಿಗಳಲ್ಲಿ ಎಲ್ಲರಿಗೂ ಇದೆ. ನಾಲ್ಕೂ ಮಿನುಗುತ್ತಿದ್ದರೆ ನೀವು ನಿಂತಿದ್ದೀರೋ ಹೋಗುತ್ತಿದ್ದೀರೋ ಹಿಂದಿನವನಿಗೆ ತಿಳಿಯುವುದಿಲ್ಲ. ಎಡಕ್ಕೆ ತಿರುಗಿದರೂ ತಿಳಿಯುವುದಿಲ್ಲ. ಅದನ್ನು ನಿಂತಾಗ ಹಾಕಿ.

ಹಿಂದಿನವನ ಮಾತು ಬಂತಲ್ಲ, ಟೈಲ್ ಲೈಟಿಗೆ ಬರೋಣ. ಜನ ಹೆಡ್‌ಲೈಟಿಗೆ ಹತ್ತು ಸಲ ಯೋಚಿಸುತ್ತಾರೆ, ಟೈಲ್ ಲೈಟನ್ನು ಅಂದಕ್ಕೆ ಅಂತ ಬಿಟ್ಟುಬಿಡುತ್ತಾರೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಹಿಂದಿನಿಂದ ಲಾರಿ ಬರುತ್ತಿದ್ದರೆ ನಿಮ್ಮ ಜೀವ ಇರುವುದು ಆ ಎರಡು ಕೆಂಪು ದೀಪದಲ್ಲಿ. ನಿಮ್ಮ ಹಳೆ ಟೈಲ್ ಲೈಟಿನಲ್ಲಿ ಮಾಮೂಲಿ 5 ವ್ಯಾಟ್, ಬ್ರೇಕ್ ಒತ್ತಿದಾಗ 21 ವ್ಯಾಟ್. ಇಂಥ 21/5 ಬಲ್ಬಿನ ಬೆಳಕು ಲೆಕ್ಕ ಹಾಕಿದರೆ ಮಾಮೂಲಿಗೆ ಸುಮಾರು 35 ಲ್ಯುಮೆನ್, ಬ್ರೇಕಿಗೆ 440. ಹನ್ನೆರಡು ಪಟ್ಟು ವ್ಯತ್ಯಾಸ. ಈ ವ್ಯತ್ಯಾಸವೇ ಹಿಂದಿನವನಿಗೆ 'ಬ್ರೇಕ್ ಹಾಕಿದ' ಅಂತ ಹೇಳುವುದು. ಅಗ್ಗದ ಎಲ್‌ಇಡಿ ಸೆಟ್ಟುಗಳಲ್ಲಿ ಮಾಮೂಲಿ ಬೆಳಕೇ ಜೋರು. ಬ್ರೇಕ್ ಒತ್ತಿದರೆ ಸ್ವಲ್ಪ ಮಾತ್ರ ಏರುತ್ತದೆ. ಮಂಜಿನಲ್ಲಿ ಆ ಸ್ವಲ್ಪ ಯಾರಿಗೂ ಗೊತ್ತಾಗುವುದಿಲ್ಲ.

ಸ್ಮೋಕ್ ಗಾಜು ಇದಕ್ಕಿಂತ ಕೆಟ್ಟದ್ದು. ಅದು ಅರ್ಧ ಬೆಳಕು ತಿಂದರೆ ಬ್ರೇಕ್ ಲೈಟ್ ಅರ್ಧವಾಯಿತು. ಅಷ್ಟಕ್ಕೇ ನಿಲ್ಲುವುದಿಲ್ಲ. ಟೈಲ್ ಲೈಟಿನೊಳಗೇ ಕೆಂಪು ರಿಫ್ಲೆಕ್ಟರ್ ಇದ್ದರೆ ಹಿಂದಿನ ಗಾಡಿಯ ಬೆಳಕು ಆ ಕಪ್ಪನ್ನು ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ದಾಟಬೇಕು. ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗ. ರಾತ್ರಿ ಬ್ಯಾಟರಿ ಕೈಕೊಟ್ಟು ಘಾಟಿಯ ತಿರುವಿನಲ್ಲಿ ಕಾರು ನಿಂತರೆ ಆ ರಿಫ್ಲೆಕ್ಟರ್ ಒಂದೇ ನಿಮ್ಮ ಗುರುತು. ಕೆಲವು ಸೆಟ್ಟುಗಳಲ್ಲಿ ರಿಫ್ಲೆಕ್ಟರ್ ಇರುವುದೇ ಇಲ್ಲ, ಅದರ ಆಕಾರದ ಪ್ಲಾಸ್ಟಿಕ್ ಮಾತ್ರ ಇರುತ್ತದೆ. ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಹಾಯಿಸಿ ನೋಡಿ. ಕೆಂಪಗೆ ಧಗ್ ಅಂತ ಹೊಳೆಯದಿದ್ದರೆ ಸುಳ್ಳು ರಿಫ್ಲೆಕ್ಟರ್. ಆಗ ಬಂಪರಿನಲ್ಲಿ ಬೇರೆ ರಿಫ್ಲೆಕ್ಟರ್ ಇದೆಯಾ ನೋಡಿಕೊಳ್ಳಿ.

ಎಲ್‌ಇಡಿಗೆ ಒಂದು ನಿಜವಾದ ಲಾಭ ಇದೆ, ಅದನ್ನು ಮುಚ್ಚಿಡಬಾರದು. ಫಿಲಮೆಂಟ್ ಬಲ್ಬು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ತೆಗೆದುಕೊಳ್ಳುತ್ತದೆ. ಎಲ್‌ಇಡಿ ತಕ್ಷಣ ಹೊತ್ತುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಹಿಂದಿನವನಿಗೆ ಮೂರು ಮೀಟರಿಗಿಂತ ಜಾಸ್ತಿ ಸಿಗುತ್ತದೆ. ಹಾಗಾಗಿ ಕೆಂಪು ಗಾಜಿನ, ಒಳ್ಳೆ ಹೆಸರಿನ, ಅಚ್ಚು ಇರುವ ಎಲ್‌ಇಡಿ ಟೈಲ್ ಲೈಟ್ ಸಿಕ್ಕರೆ ಹಾಕಿಸಿ, ತಪ್ಪಿಲ್ಲ. ಹಳೆ ಟೈಲ್ ಲೈಟಿಗೇ ಎಲ್‌ಇಡಿ ಬಲ್ಬ್ ಹಾಕುವುದಾದರೆ ಕೆಂಪು ಗಾಜಿಗೆ ಕೆಂಪು ಬೆಳಕಿನದೇ ತನ್ನಿ. ಬಿಳಿ ಎಲ್‌ಇಡಿಯಲ್ಲಿ ಕೆಂಪು ಅಂಶ ಕಡಿಮೆ, ಗಾಜು ಉಳಿದದ್ದನ್ನು ತಡೆದುಬಿಡುತ್ತದೆ. ಬೆಳಕು ಬಡಕಲಾಗಿ, ಒಂಥರಾ ಗುಲಾಬಿಯಾಗಿ ಕಾಣುತ್ತದೆ.

ಇಂಡಿಕೇಟರ್ ಎಲ್‌ಇಡಿ ಮಾಡಿದರೆ ಟಿಕ್ ಟಿಕ್ ಅನ್ನುವುದು ಎರಡು ಪಟ್ಟು ವೇಗವಾಗಬಹುದು. 21 ವ್ಯಾಟಿನ ಬಲ್ಬು ಎಳೆಯುತ್ತಿದ್ದ ಕರೆಂಟಿನ ಸಣ್ಣ ಪಾಲು ಮಾತ್ರ ಎಲ್‌ಇಡಿ ಎಳೆಯುತ್ತದೆ. ಬಲ್ಬ್ ಹೋಗಿದೆ ಅಂತ ಕಾರು ತಿಳಿಯುತ್ತದೆ. ಇದಕ್ಕೆ ಎಲ್‌ಇಡಿಗೆ ಹೊಂದುವ ಫ್ಲಾಷರ್ (ಇಂಡಿಕೇಟರ್ ಮಿನುಗಿಸುವ ರಿಲೇ) ಸಿಕ್ಕರೆ ಅದೇ ಒಳ್ಳೆಯದು. ಅಂಗಡಿಯವರು ಹಳೆ ಬಲ್ಬಿನಷ್ಟೇ ಕರೆಂಟು ಎಳೆಯಲಿ ಅಂತ ಸಾಮಾನ್ಯವಾಗಿ 6 ಓಮ್ಸ್, 50 ವ್ಯಾಟಿನ ರೆಸಿಸ್ಟರ್ ಕಟ್ಟಿಬಿಡುತ್ತಾರೆ. ಅದು ಕೈ ಸುಡುವಷ್ಟು ಕಾಯುತ್ತದೆ. ಲೋಹದ ಮೈಗೆ ಸ್ಕ್ರೂ ಹಾಕಿ ಕೂರಿಸಬೇಕು. ವೈರಿನ ಕಟ್ಟಿಗೆ ಟೇಪ್ ಸುತ್ತಿ ನೇತುಹಾಕಿದ್ದು ಕಂಡರೆ ಅಲ್ಲೇ ಬಿಚ್ಚಿಸಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ನಿನಲ್ಲಿ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಇದೆ. ಹಾಳಾದ ಲ್ಯಾಂಪಿನ ಬದಲು ಅದೇ ಬಗೆಯ ಲ್ಯಾಂಪ್ ಹಾಕಿಸುವುದಕ್ಕೆ ಯಾರ ತಕರಾರೂ ಇಲ್ಲ. ಹ್ಯಾಲೊಜನ್ ಬಲ್ಬಿಗೆ ಅಂತ ಒಪ್ಪಿಗೆ ಪಡೆದ ಲ್ಯಾಂಪಿಗೆ ಎಲ್‌ಇಡಿ ಬಲ್ಬ್ ತುರುಕಿದರೆ ಮಾತ್ರ ಆ ಒಪ್ಪಿಗೆ ನಿಮ್ಮ ಬೆಂಬಲಕ್ಕೆ ಬರುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಕಣ್ಣು ಕುಕ್ಕುವುದಕ್ಕೆ ಅಳತೆಯನ್ನೇ ಕೊಟ್ಟಿದೆ. ಲ್ಯಾಂಪಿನಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿದ್ದವರಿಗೆ ಬೆಳಕು ಕುಕ್ಕಬಾರದು. ಇದನ್ನು ಮನೆಯಂಗಳದಲ್ಲೇ ಅಳತೆ ಪಟ್ಟಿ ಹಿಡಿದು ನೋಡಬಹುದು. 2024ರ ಜುಲೈಯಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಕೇಸು ಹಾಕುವ ಅಭಿಯಾನ ಶುರು ಮಾಡಿದರು. ಬಂಪರಿನ ಮೇಲಿನ ಎಲ್‌ಇಡಿ ಬಾರ್, ಸರ್ಚ್‌ಲೈಟುಗಳ ಕಥೆ ಬೇರೆಯೇ. ಆರ್‌ಟಿಒ ಒಪ್ಪಿಗೆ ಇಲ್ಲದೆ ಸ್ಪಾಟ್‌ಲೈಟ್ ಹಾಕುವಂತಿಲ್ಲ ಅಂತ 111ನೇ ನಿಯಮ ನೇರವಾಗಿ ಹೇಳುತ್ತದೆ. ತೋಟದೊಳಗೆ ಹಾಕಿಕೊಳ್ಳುತ್ತೇನೆ ಅನ್ನುವವರು ರಸ್ತೆಗೆ ಬರುವಾಗ ಬಿಚ್ಚಿ ಬರುವುದನ್ನು ನಾನಂತೂ ನೋಡಿಲ್ಲ.

ಕೊನೆಗೆ ಹಾಕಿಸುವ ದಿನ. ಬೆಳಿಗ್ಗೆಯೇ ಹೋಗಿ, ಕೆಲಸದ ಪಕ್ಕ ನಿಲ್ಲಿ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿಸಿ. ಇಂಥ ಕಾರುಗಳಲ್ಲಿ ಬಂಪರ್ ಸಡಿಲಿಸದೆ ಹೆಡ್‌ಲೈಟ್ ಸಾಮಾನ್ಯವಾಗಿ ಈಚೆ ಬರುವುದಿಲ್ಲ. ಎಳೆದು ಕಿತ್ತರೆ ಲ್ಯಾಂಪಿನ ಕಿವಿ ಮುರಿಯುತ್ತದೆ. ಕಿವಿ ಮುರಿದ ಲ್ಯಾಂಪು ಗುಂಡಿ ರಸ್ತೆಯಲ್ಲಿ ತಲೆ ಆಡಿಸುತ್ತಲೇ ಇರುತ್ತದೆ, ಫೋಕಸ್ ನಿಲ್ಲುವುದಿಲ್ಲ. 'ವೈರ್ ಕಟ್ ಇಲ್ಲ' ಅಂದದ್ದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಪ್ರೊಜೆಕ್ಟರ್ ಸೆಟ್ಟಿನಲ್ಲಿ ಉಂಗುರದ ಲೈಟು, ಡಿಆರ್‌ಎಲ್ (ಹಗಲಲ್ಲೂ ಉರಿಯುವ ಲೈಟು) ಅಂತ ಇದ್ದರೆ ಅದಕ್ಕೆ ಬೇರೆ ಸಪ್ಲೈ ಬೇಕಾಗುತ್ತದೆ. ಅಲ್ಲೇ ಅವರು ವೈರು ಹೆರೆದು ಸುತ್ತುವುದು. ಸುತ್ತಿ ಟೇಪ್ ಹಾಕಿದ ಜಾಯಿಂಟ್ ನಮ್ಮ ಕಡೆಯ ಒಂದು ಮಳೆಗಾಲ ತಡೆಯುವುದಿಲ್ಲ. ಬೆಸುಗೆ ಹಾಕಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿದರೆ ತಡೆಯುತ್ತದೆ. ಟೈಲ್ ಲೈಟ್ ಕೂರಿಸುವಾಗ ಹಿಂದಿನ ಫೋಮ್ ಗ್ಯಾಸ್ಕೆಟ್ ಮರೆತರೆ ಡಿಕ್ಕಿಯೊಳಗೆ ನೀರು. ಸ್ಟೆಪ್ನಿ ಗುಂಡಿಯಲ್ಲಿ ಕೆರೆ ಆದ ಮೇಲೆಯೇ ಅದು ಗೊತ್ತಾಗುವುದು.

ಎಲ್ಲ ಕೂರಿಸಿದ ಮೇಲೆ ಹೈ ಬೀಮ್, ಲೋ ಬೀಮ್, ಬ್ರೇಕ್, ಇಂಡಿಕೇಟರ್, ರಿವರ್ಸ್ ಒಂದೊಂದಾಗಿ ನೋಡಿ. ಬ್ರೇಕ್ ಒತ್ತಿಕೊಂಡೇ ಇಂಡಿಕೇಟರ್ ಹಾಕಿ. ಒಂದು ಇನ್ನೊಂದನ್ನು ಮಂಕು ಮಾಡಿದರೆ ಅರ್ತ್ ಸರಿಯಿಲ್ಲ. ನೀರಿನ ಪೈಪ್ ಹಿಡಿದು ಹೆಡ್‌ಲೈಟಿನ ಮೇಲೆ ಹತ್ತು ನಿಮಿಷ ಬಿಡಿ. ಮಾರನೆಯ ದಿನ ಒಳಗೆ ತೆಳುವಾದ ಹಬೆ ಕಂಡು, ಲೈಟ್ ಹಾಕಿ ಓಡಿಸಿದ ಮೇಲೆ ಹೋದರೆ ಚಿಂತೆ ಇಲ್ಲ. ಲ್ಯಾಂಪಿಗೆ ಉಸಿರಾಡಲು ಸಣ್ಣ ತೂತು ಇರುತ್ತದೆ, ಅಷ್ಟು ಸಹಜ. ಹನಿಗಟ್ಟಿ ಕೆಳಗೆ ಇಳಿಯುತ್ತಿದ್ದರೆ ಅದು ಸೋರಿಕೆ. ಅವತ್ತೇ ವಾಪಸ್ ಕೊಂಡೊಯ್ಯಿರಿ. ಇನ್ಶೂರೆನ್ಸ್ ಕಂಪನಿಗೆ ಬದಲಾವಣೆ ತಿಳಿಸಿ ಬಿಲ್ಲಿನ ಪ್ರತಿ ಕೊಡಿ. ವೈರಿಂಗಿನಿಂದ ಬೆಂಕಿ ಹತ್ತಿದರೆ ಮೊದಲು ಕೇಳುವುದೇ ಅದು. ಹಳೆಯ ಹೆಡ್‌ಲೈಟು, ಟೈಲ್ ಲೈಟುಗಳನ್ನು ಅಂಗಡಿಯವರಿಗೆ ಬಿಟ್ಟು ಬರಬೇಡಿ. ರಿಜಿಸ್ಟ್ರೇಷನ್ ಹದಿನೈದು ವರ್ಷಕ್ಕೆ ನವೀಕರಿಸುವಾಗ ಆರ್‌ಟಿಒ ಮುಂದೆ ಅವೇ ಬೇಕಾಗಬಹುದು.

ವಾರ ಓಡಿಸಿದ ಮೇಲೆ ಬೋಲ್ಟುಗಳು ಕೂತಿರುತ್ತವೆ. ಆಗ ಇನ್ನೊಮ್ಮೆ ಗೋಡೆಯ ಮುಂದೆ ನಿಲ್ಲಿಸಿ ಫೋಕಸ್ ನೋಡಿಕೊಳ್ಳಿ. ಮನೆಯವರನ್ನೆಲ್ಲ ಕೂರಿಸಿಕೊಂಡು, ಡಿಕ್ಕಿ ತುಂಬಿಕೊಂಡು ಧರ್ಮಸ್ಥಳಕ್ಕೆ ಹೊರಟ ದಿನ ಕಾರಿನ ಮೂತಿ ಮೇಲೇಳುತ್ತದೆ. ಅವತ್ತು ಬೆಳಕು ಕೆಳಗಿಳಿಯುವಂತೆ ಡ್ಯಾಶ್‌ಬೋರ್ಡಿನ ಗುಂಡಿಯನ್ನು ಸೊನ್ನೆಯಿಂದ ಒಂದೆರಡು ಮನೆ ತಿರುಗಿಸಿ.